ಹದಿನಾರು ಕಿರಣಗಳ ನಕ್ಷತ್ರ: ಲೆ ಬೋ ಎಂಬ ಊರಿನ ಲಾಂಛನದ ಬೆನ್ನು ಹತ್ತಿ ಐದು ದಿನ

ಮೊದಲ ದಿನ, ಡಿಸೆಂಬರ್ 22

ಬೆಳಗಾವಿಯಲ್ಲಿ ಬೆಳೆದ ನನಗೆ ಬಾಕ್ಸೈಟ್ ಎಂಬ ಪದವನ್ನು ಶಾಲೆಯ ಪುಸ್ತಕ ಕಲಿಸಬೇಕಾಗಿರಲಿಲ್ಲ. ಅಲ್ಯೂಮಿನಿಯಂ ಕಾರ್ಖಾನೆಯ ಕಡೆಗೆ ಹೋಗುತ್ತಿದ್ದ ಲಾರಿಗಳಿಂದ ಉದುರಿದ ಕೆಂಪು ಹೆಂಟೆಗಳನ್ನು ನಾವು ಹುಡುಗರು ಸೀಮೆಸುಣ್ಣದಂತೆ ಬಳಸಿ ರಸ್ತೆಯ ಮೇಲೆ ವಿಕೆಟ್ಟಿನ ಗೆರೆ ಎಳೆಯುತ್ತಿದ್ದೆವು. ಆ ಹೆಂಟೆಯ ಹೆಸರು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಿಂದ ಬಂದದ್ದೆಂದು ತಿಳಿದದ್ದು ಬಹಳ ವರ್ಷಗಳ ನಂತರ. 1821ರಲ್ಲಿ ಪಿಯೇರ್ ಬೆರ್ತಿಯೇ ಎಂಬ ಭೂವಿಜ್ಞಾನಿ ಪ್ರೋವಾಂಸ್ ಪ್ರಾಂತದ ಲೆ ಬೋ ಊರಿನ ಹತ್ತಿರ ಸಿಕ್ಕ ಕೆಂಪು ಕಲ್ಲನ್ನು ಪರೀಕ್ಷಿಸಿ, ಅದರಲ್ಲಿ ಅಲ್ಯೂಮಿನಾ ಹೇರಳವಾಗಿದೆ ಎಂದು ಕಂಡುಕೊಂಡನು. ಊರಿನ ಹೆಸರೇ ಮುಂದೆ ಅದಿರಿನ ಹೆಸರಾಯಿತು. ಆದ್ದರಿಂದ ಏಕ್ಸ್ ಪಟ್ಟಣದಲ್ಲಿ ನೆಲೆಸಿರುವ ನನ್ನ ಸೋದರತ್ತೆಯ ಮಗ ಕ್ರಿಸ್‌ಮಸ್ ರಜೆಗೆ ಬಾ ಎಂದು ಕರೆದಾಗ, ಬೇರೇನು ತೋರಿಸದಿದ್ದರೂ ಲೆ ಬೋ ತೋರಿಸು ಎಂದು ಮೊದಲೇ ಹೇಳಿಟ್ಟಿದ್ದೆ.

ಏಕ್ಸ್‌ನಿಂದ ಒಂದೂಕಾಲು ಗಂಟೆಯ ಕಾರಿನ ಹಾದಿ. ಆಲ್ಪಿಯ್ ಎಂಬ ಬಿಳಿಯ ಸುಣ್ಣಕಲ್ಲಿನ ಗುಡ್ಡಸಾಲಿನ ಬುಡದಲ್ಲಿ ಆಲಿವ್ ತೋಟಗಳು, ಅವುಗಳ ಮೇಲೆ ಕಡಿದಾದ ಬಂಡೆ, ಬಂಡೆಯ ನೆತ್ತಿಯಲ್ಲಿ ಕೋಟೆ. ಎಲ್ಲಿ ಬಂಡೆ ಮುಗಿದು ಎಲ್ಲಿ ಕೋಟೆಯ ಗೋಡೆ ಶುರುವಾಗುತ್ತದೆ ಎಂಬುದು ಕೆಳಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಪ್ರೋವಾಂಸಲ್ ಭಾಷೆಯಲ್ಲಿ ‘ಬೌ’ ಎಂದರೆ ಇಂಥ ಚಾಚಿಕೊಂಡ ಬಂಡೆಯೇ; ಊರಿನ ಹೆಸರು ಹುಟ್ಟಿದ್ದು ಅದರಿಂದ. ಅಂದರೆ ಬಂಡೆಯಿಂದ ಊರು, ಊರಿನಿಂದ ಅದಿರು.

ನಾನು ಹೋದದ್ದು ಅದಿರಿನ ನೆಪದಲ್ಲಿ. ಆದರೆ ಊರಿನ ಫಲಕದ ಮೇಲೆ ಬಣ್ಣದಲ್ಲಿ ಬರೆದಿದ್ದ ಲಾಂಛನ ಕಣ್ಣಿಗೆ ಬಿದ್ದ ಮೇಲೆ ಅದಿರು ಹಿಂದೆ ಸರಿಯಿತು. ಕೆಂಪು ಗುರಾಣಿ, ನಡುವೆ ಬೆಳ್ಳಿಯ ಬಣ್ಣದ ಒಂದೇ ಒಂದು ನಕ್ಷತ್ರ. ಸಿಂಹವಿಲ್ಲ, ಹದ್ದಿಲ್ಲ, ಕೋಟೆಯ ಚಿತ್ರವೂ ಇಲ್ಲ. ನಕ್ಷತ್ರದ ಕಿರಣಗಳನ್ನು ಎಣಿಸಿದೆ, ಹದಿನಾರು. ಸೋದರತ್ತೆಯ ಮಗ ಪಕ್ಕದಲ್ಲಿ ನಿಂತು, “ಕೆಂಪು ಅಂದ್ರ ಮತ್ತೇನಣ್ಣಾ, ಬಾಕ್ಸೈಟೇ ಇರಬೇಕು” ಎಂದ. ನನಗೂ ಆ ಕ್ಷಣಕ್ಕೆ ಹಾಗೆಯೇ ಅನಿಸಿತ್ತು. ಆದರೆ ಬೆರ್ತಿಯೇ ಆ ಕಲ್ಲನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಈ ಗುರಾಣಿಗೆ ಆರು ಶತಮಾನ ವಯಸ್ಸಾಗಿತ್ತು. ಮಣ್ಣಿಗೂ ಗುರಾಣಿಗೂ ಒಂದೇ ಬಣ್ಣ ಬಂದದ್ದು ಕಾಕತಾಳೀಯ.

ಎರಡನೆಯ ದಿನ, ಡಿಸೆಂಬರ್ 23

ಬೆಟ್ಟದ ಬುಡದ ಮೋಸಾನ್ ಎಂಬ ಊರಿನಲ್ಲಿ ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಎದ್ದಾಗ ಮಿಸ್ತ್ರಾಲ್ ಬೀಸುತ್ತಿತ್ತು. ಉತ್ತರದಿಂದ ರೋನ್ ನದಿಯ ಕಣಿವೆಯಲ್ಲಿ ನುಗ್ಗಿ ಬರುವ ಈ ಒಣ ಚಳಿಗಾಳಿಗೆ ಆಕಾಶದಲ್ಲಿ ಒಂದು ಮೋಡವೂ ಉಳಿಯುವುದಿಲ್ಲ. ಮೈಯಲ್ಲಿ ಕಾವೂ ಉಳಿಯುವುದಿಲ್ಲ. ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಕೋಟೆ ಹತ್ತಿದೆವು.

ಈ ಕೋಟೆಯ ಒಡೆಯರು ಮಧ್ಯಯುಗದಲ್ಲಿ ಪ್ರೋವಾಂಸಿನ ಅತ್ಯಂತ ಗರ್ವಿಷ್ಠ ಮನೆತನಗಳಲ್ಲಿ ಒಂದು. 79 ಊರು ಮತ್ತು ಕೋಟೆಗಳು ಅವರ ಕೈಕೆಳಗಿದ್ದವೆಂದು ಪ್ರತೀತಿ. 1112ರಲ್ಲಿ ಪ್ರೋವಾಂಸಿನ ಉತ್ತರಾಧಿಕಾರಿಣಿ ದೂಸ್ ಬಾರ್ಸಿಲೋನಾದ ಕೌಂಟನನ್ನು ಮದುವೆಯಾದ ಮೇಲೆ ಪ್ರಾಂತವು ಕ್ಯಾಟಲನ್ನರ ಪಾಲಾಯಿತು. ಅವಳ ತಂಗಿ ಎತಿಯೆನೆತ್ ಲೆ ಬೋದ ರೇಮೋನನ ಹೆಂಡತಿ. ತಂಗಿಗೂ ಪಾಲು ಬರಬೇಕೆಂಬ ತಕರಾರು 1144ರಲ್ಲಿ ಯುದ್ಧವಾಗಿ, 1162ರವರೆಗೆ ಆಗಾಗ ಹೊಗೆಯಾಡಿ, ಕೊನೆಗೆ ಲೆ ಬೋದವರ ಸೋಲಿನಲ್ಲಿ ಮುಗಿಯಿತು. ಜಮೀನಿನ ವ್ಯಾಜ್ಯ ನೋಡಿದ ಯಾರಿಗಾದರೂ ಈ ಕಥೆ ಹೊಸದಲ್ಲ. ಇಲ್ಲಿ ಜಮೀನು ಸ್ವಲ್ಪ ದೊಡ್ಡದು, ಅಷ್ಟೆ.

ಹೀಗೆ ಪ್ರಾಂತವನ್ನೇ ಕೇಳುವ ಮನೆತನಕ್ಕೆ ಸಾಮಾನ್ಯ ಮೂಲಪುರುಷ ಸಾಕಾಗುವುದಿಲ್ಲ. ಕ್ರಿಸ್ತ ಹುಟ್ಟಿದಾಗ ನಕ್ಷತ್ರದ ಜಾಡು ಹಿಡಿದು ಬೆತ್ಲೆಹೇಮಿಗೆ ಹೋದ ಮೂಡಣ ದೇಶದ ಜೋಯಿಸರಲ್ಲಿ ಒಬ್ಬನಾದ ಬಾಲ್ತಜಾರ್ ತಮ್ಮ ಕುಲದ ಹಿರಿಯನೆಂದು ಅವರು ಹೇಳಿಕೊಂಡರು. ಗುರಾಣಿಯ ಮೇಲಿರುವುದು ಅವನನ್ನು ನಡೆಸಿದ ನಕ್ಷತ್ರ. ಯುದ್ಧದಲ್ಲಿ ಅವರ ಕೂಗು “ಆ ಲಾಜಾರ್, ಬೌತೆಜಾರ್”, ಅಂದರೆ ‘ಅದೃಷ್ಟ ಬಂದಂತೆ ಬರಲಿ, ಬಾಲ್ತಜಾರ್’. ‘ಲಾಜಾರ್’, ‘ಬೌತೆಜಾರ್’ ಎರಡೂ ಒಂದೇ ಪ್ರಾಸಕ್ಕೆ ಬಂದು ಬೀಳುವುದನ್ನು ಬಾಯಿಬಿಟ್ಟು ಹೇಳಿ ನೋಡಿದರೆ, ಕುದುರೆಯ ಮೇಲಿನಿಂದ ಕೂಗಲು ಎಷ್ಟು ಹೊಂದುವ ಮಾತು ಎಂಬುದು ಗೊತ್ತಾಗುತ್ತದೆ.

ವಂಶಾವಳಿಯ ಲೆಕ್ಕ ಹಿಡಿದು ನೋಡಿದರೆ ಈ ಹಕ್ಕು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಜೋಯಿಸರ ಹೆಸರಿಲ್ಲ, ಅವರು ಮೂವರು ಎಂಬ ಲೆಕ್ಕವೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳು ಮೂರಿರುವುದರಿಂದ ತಂದವರೂ ಮೂವರಿರಬೇಕೆಂದು ಮುಂದಿನವರು ಊಹಿಸಿದರು, ಹೆಸರುಗಳು ಶತಮಾನಗಳ ಮೇಲೆ ಅಂಟಿಕೊಂಡವು. ಬೋ ಎಂಬ ಹೆಸರಿಗೂ ಬಾಲ್ತಜಾರ್ ಎಂಬ ಹೆಸರಿಗೂ ಮೊದಲ ಅಕ್ಷರ ಕೂಡಿಬಂದದ್ದೇ ಸಂಬಂಧಕ್ಕೆ ಸಾಕಾಯಿತೆಂದು ನನಗೆ ತೋರುತ್ತದೆ. ನಕ್ಷತ್ರ ಮೊದಲು ಬಂತೋ ಬಾಲ್ತಜಾರ್ ಮೊದಲು ಬಂದನೋ ಎಂದು ಕೋಟೆಯ ಮೇಲೆ ನಾವಿಬ್ಬರೂ ಬಹಳ ಹೊತ್ತು ವಾದಿಸಿದೆವು. ಕೈಗೆ ಸಿಕ್ಕ ಗುರುತೊಂದಕ್ಕೆ ತಕ್ಕ ಕಥೆಯನ್ನು ಕಟ್ಟಿಕೊಂಡರು ಎಂಬುದು ನನ್ನ ಪಕ್ಷ. ಕಥೆಯಿಲ್ಲದೆ ಹದಿನಾರು ಕಿರಣ ಯಾರಾದರೂ ಏಕೆ ಬರೆಯಿಸುತ್ತಾರೆ ಎಂಬುದು ಅವನ ಪಕ್ಷ.

ಅವನ ಪ್ರಶ್ನೆಯಲ್ಲಿ ಹುರುಳಿದೆ. ಫ್ರೆಂಚ್ ಲಾಂಛನಶಾಸ್ತ್ರದಲ್ಲಿ ಬರಿದೆ ‘ನಕ್ಷತ್ರ’ ಎಂದರೆ ಐದು ಮೂಲೆಯದೆಂದೇ ಅರ್ಥ. ಹೆಚ್ಚಿದ್ದರೆ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು. ಲೆ ಬೋದ ಗುರಾಣಿಯ ವರ್ಣನೆ ಒಂದೇ ಸಾಲಿನದು: ಕೆಂಪು ನೆಲ, ಅದರ ಮೇಲೆ ಹದಿನಾರು ಕಿರಣಗಳ ಬೆಳ್ಳಿಯ ನಕ್ಷತ್ರ. ಕೆಲವು ಗ್ರಂಥಗಳು ನಕ್ಷತ್ರವೆನ್ನುವ ಬದಲು ಧೂಮಕೇತು ಎನ್ನುತ್ತವೆ, ಏಕೆಂದರೆ ಬೆತ್ಲೆಹೇಮಿನ ನಕ್ಷತ್ರವನ್ನು ಬಾಲವುಳ್ಳ ಚುಕ್ಕಿಯಾಗಿ ಚಿತ್ರಿಸುವ ರೂಢಿ ಯುರೋಪಿನಲ್ಲಿತ್ತು. ಈ ಒಂದು ಸಾಲು ಸಿಕ್ಕರೆ ಸಾಕು, ಲಾಂಛನವನ್ನು ಎಂದೂ ಕಾಣದ ಚಿತ್ರಕಾರನೂ ಅದನ್ನು ತಪ್ಪಿಲ್ಲದೆ ಬರೆಯಬಲ್ಲ. ಆದರೆ ಆ ಸಾಲಿನಲ್ಲಿ ಬಾಲ್ತಜಾರನ ಹೆಸರಿಲ್ಲ, ಬೆತ್ಲೆಹೇಮಿನ ಹೆಸರೂ ಇಲ್ಲ. ಲಾಂಛನಶಾಸ್ತ್ರವು ಬಣ್ಣ ಮತ್ತು ಆಕಾರವನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. ಅರ್ಥವನ್ನು ಜನರ ಬಾಯಿಗೆ ಬಿಡುತ್ತದೆ.

ಬಣ್ಣದ ಆಯ್ಕೆಗೆ ಒಂದು ಕಟ್ಟಳೆಯಿದೆ. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಇವು ಲೋಹಗಳು. ಕೆಂಪು, ನೀಲಿ, ಹಸಿರು, ಕಪ್ಪು ಮೊದಲಾದವು ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಇಡುವಂತಿಲ್ಲ. ಮುಖವೆಲ್ಲ ಕಬ್ಬಿಣದಿಂದ ಮುಚ್ಚಿಕೊಂಡ ಸವಾರ ನಮ್ಮವನೋ ಎದುರಾಳಿಯೋ ಎಂಬುದು ದೂರದಿಂದಲೇ ತಿಳಿಯಬೇಕಿದ್ದ ಕಾಲದ ನಿಯಮವಿದು. ಅದಕ್ಕೆ ಕೆಂಪಿನ ಮೇಲಿನ ಬಿಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಧ್ಯಾಹ್ನ ಸಾಂ ರೆಮಿ ಪಟ್ಟಣದ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಬಿಡಿ ಹಾಳೆಯೊಂದು ಸಿಕ್ಕಿತು. ಪ್ರೋವಾಂಸಿನ ಮನೆತನಗಳ ಗುರಾಣಿಗಳನ್ನು ಕಪ್ಪು ಮಸಿಯಲ್ಲಿ ಮುದ್ರಿಸಿದ ಪುಟ. ಲೆ ಬೋದ ಗುರಾಣಿಯಲ್ಲಿ ನಕ್ಷತ್ರ ಖಾಲಿ ಬಿಳಿ. ಅದರ ಸುತ್ತಲಿನ ನೆಲದ ತುಂಬ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ನೇರ ಗೆರೆಗಳು. ನೆರಳು ತೋರಿಸಲು ಹಾಕಿದ್ದಾರೆಂದುಕೊಂಡೆ. ನಿಂತ ಗೆರೆ ಎಂದರೆ ಕೆಂಪು, ಮಲಗಿದ ಗೆರೆ ಎಂದರೆ ನೀಲಿ, ಚುಕ್ಕಿಗಳೆಂದರೆ ಚಿನ್ನ, ಏನೂ ಇಲ್ಲದ್ದು ಬೆಳ್ಳಿ ಎಂದು ಅಂಗಡಿಯಾತ ಬೆರಳಿಟ್ಟು ತೋರಿಸಿದ. 17ನೇ ಶತಮಾನದಲ್ಲಿ ಪೀತ್ರಾಸಾಂತಾ ಎಂಬ ಜೆಸ್ಯೂಟ್ ಪಾದ್ರಿಯ ಗ್ರಂಥದಿಂದ ಬಳಕೆಗೆ ಬಂದ ಪದ್ಧತಿಯಂತೆ. ಹಾಳೆಯನ್ನು ಓರೆಯಾಗಿ ಹಿಡಿದರೆ ಗೆರೆಗಳು ಬೆರಳಿಗೂ ಹತ್ತುತ್ತಿದ್ದವು. ಕೆಂಪನ್ನು ಮುಟ್ಟಿ ನೋಡಿದ್ದು ಅದೇ ಮೊದಲು.

ಮೂರನೆಯ ದಿನ, ಡಿಸೆಂಬರ್ 24

ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುವ ಲೆ ಬೋದ ಓಣಿಗಳಲ್ಲಿ ಬೆಟ್ಟದ ಮೇಲೆ ನಿಜವಾಗಿ ವಾಸವಿರುವ ಮನೆಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅಂಗಡಿ. ಲ್ಯಾವೆಂಡರ್ ಸಾಬೂನು, ಆಲಿವ್ ಎಣ್ಣೆ, ಸಾಂತೋಂ ಎಂಬ ಮಣ್ಣಿನ ಬೊಂಬೆ, ಮತ್ತು ಎಲ್ಲಿ ನೋಡಿದರೂ ನಕ್ಷತ್ರ. ಒಂದು ಅಂಗಡಿಯಲ್ಲಿ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆ ಕೊಂಡೆ. ಲಾಂಛನ ಚೆನ್ನಾಗಿ ಮೂಡಿತ್ತು, ಬೆಲೆ ಆರು ಯೂರೋ. ಹೊರಗೆ ಬಂದು ಬಿಸಿಲಿಗೆ ಹಿಡಿದು ಎಣಿಸಿದರೆ ಕಿರಣ ಹದಿನಾಲ್ಕು. ಮರಳಿ ಹೋಗಿ ತೋರಿಸಿದೆ. ಮಾರುವಾಕೆ ತಾನೂ ಎಣಿಸಿ, ಭುಜ ಹಾರಿಸಿ, ಇದು ಬೇರೆ ಕಡೆಯಿಂದ ಮಾಡಿಸಿ ತರಿಸಿದ್ದು, ಮಾರಿದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದಳು. ಎರಡು ಕಿರಣದ ಮೋಸಕ್ಕೆ ಜಗಳವಾಡುವ ಮಟ್ಟದ ಫ್ರೆಂಚ್ ನನಗೆ ಬರುವುದಿಲ್ಲ. “ಅಣ್ಣಾ, ಬಿಡು ಇನ್ನ, ಮಂದಿ ನೋಡಾಕ ಹತ್ಯಾರ” ಎಂದು ಅವನು ಕೈಹಿಡಿದು ಎಳೆದುಕೊಂಡು ಹೋದ. ಅವನ ಆರು ವರ್ಷದ ಮಗಳಿಗೆಂದು ಇನ್ನೊಂದು ಅಂಗಡಿಯಲ್ಲಿ ಮೂವರು ಜೋಯಿಸರ ಮಣ್ಣಿನ ಬೊಂಬೆಗಳನ್ನು ಕೊಂಡೆವು. ಕಪ್ಪು ಮೈಯ, ಕೈಯಲ್ಲಿ ಭರಣಿ ಹಿಡಿದವನೇ ಬಾಲ್ತಜಾರ್.

ಬಿಳಿಯ ನಿಲುವಂಗಿ ತೊಡುತ್ತಿದ್ದ ಪ್ರಾಯಶ್ಚಿತ್ತದ ಸಂಘವೊಂದು 17ನೇ ಶತಮಾನದಲ್ಲಿ ಕಟ್ಟಿಸಿದ ಚಿಕ್ಕ ಪ್ರಾರ್ಥನಾ ಮಂದಿರ ಇಲ್ಲಿದೆ. ಅದರ ಒಳಗೋಡೆಗಳ ಮೇಲೆ ಈವ್ ಬ್ರೇಯೇ ಎಂಬ ಕಲಾವಿದ 1974ರಲ್ಲಿ ಕ್ರಿಸ್ತಜನನದ ಚಿತ್ರಗಳನ್ನು ಬರೆದಿದ್ದಾನೆ. ಅವುಗಳಲ್ಲಿನ ಕುರುಬರು ಪ್ರೋವಾಂಸಿನ ಕುರುಬರೇ, ಹಿಂದಿನ ಗುಡ್ಡಗಳು ಆಲ್ಪಿಯ್ ಗುಡ್ಡಗಳೇ. ಬೆತ್ಲೆಹೇಮನ್ನು ತಮ್ಮ ಊರಿಗೆ ತಂದುಕೊಳ್ಳುವುದು ಇವರಿಗೆ ಹೊಸ ಅಭ್ಯಾಸವಲ್ಲ.

ರಾತ್ರಿ ಅದರ ಎದುರಿನ ಸಂತ ವಿನ್ಸೆಂಟರ ಚರ್ಚಿಗೆ ಹೋದೆವು. ಅರ್ಧ ಕಟ್ಟಿದ್ದು, ಅರ್ಧ ಬಂಡೆಯಲ್ಲೇ ಕೊರೆದದ್ದು. ಕುಳಿತ ಜಾಗದಲ್ಲಿ ಕೈಚಾಚಿದರೆ ಒದ್ದೆ ಕಲ್ಲು ತಾಗುತ್ತಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಬಲಿಪೂಜೆಯಲ್ಲಿ ಇಲ್ಲಿ ಕುರುಬರು ಕುರಿಮರಿಯನ್ನು ಕಾಣಿಕೆಯಾಗಿ ತರುವ ಹಳೆಯ ವಿಧಿ ನಡೆಯುತ್ತದೆ. ಕೊಳಲು ಮತ್ತು ಉದ್ದನೆಯ ಡೋಲಿನ ಸದ್ದು ಬಾಗಿಲ ಕಡೆಯಿಂದ ಕೇಳಿಬಂತು. ಒಬ್ಬನೇ ವಾದಕ ಎಡಗೈಯಲ್ಲಿ ಕೊಳಲು ಹಿಡಿದು ಬಲಗೈಯಿಂದ ಡೋಲು ಬಡಿಯುತ್ತಿದ್ದ. ಹಿಂದೆ ದಪ್ಪ ಉಣ್ಣೆಯ ಹೊದಿಕೆಗಳನ್ನು ಹೊದ್ದ ಕುರುಬರು. ಅವರ ನಡುವೆ ಟಗರೊಂದು ಎಳೆಯುತ್ತಿದ್ದ, ಮೇಣದ ಬತ್ತಿಗಳನ್ನು ಸಾಲಾಗಿ ಹಚ್ಚಿದ ಪುಟ್ಟ ಮರದ ಗಾಡಿ, ಅದರಲ್ಲಿ ದಿನಗಳ ಹಿಂದಷ್ಟೇ ಹುಟ್ಟಿದಂತಿದ್ದ ಮರಿ. ಟಗರು ನನ್ನ ಸಾಲಿನ ಹತ್ತಿರ ಬಂದು ನಿಂತುಬಿಟ್ಟಿತು. ಕುರುಬನೊಬ್ಬ ಅದರ ಕಿವಿಯಲ್ಲಿ ಏನೋ ಹೇಳಿದ, ಮತ್ತೆ ಹೊರಟಿತು. ಉಣ್ಣೆಯ ವಾಸನೆ, ಮೇಣದ ವಾಸನೆ, ಮರಿಯ ಕೂಗು ಇವೆಲ್ಲ ಆ ಬಂಡೆಯ ಹೊಟ್ಟೆಯೊಳಗೆ ಒಂದಾಗಿದ್ದವು.

ಪೂಜೆಯ ನಂತರ ಗೋದಲಿಯ ಹತ್ತಿರ ಹೋಗಿ ಬಾಲ್ತಜಾರನನ್ನು ಹುಡುಕಿದೆ. ಮಗು, ತಾಯಿ, ಜೋಸೆಫ, ಎತ್ತು, ಕತ್ತೆ ಎಲ್ಲರೂ ಇದ್ದರು. ಆ ಊರಿನ ಮೂಲಪುರುಷನೇ ಇರಲಿಲ್ಲ. ಪಕ್ಕದಲ್ಲಿದ್ದ ವೃದ್ಧೆಯನ್ನು ಸೋದರತ್ತೆಯ ಮಗ ಕೇಳಿದ. ಜೋಯಿಸರು ತಲುಪುವುದು ಜನವರಿ 6ಕ್ಕೆ, ಈಗ ಇನ್ನೂ ದಾರಿಯಲ್ಲಿದ್ದಾರೆ ಎಂದು ಆಕೆ, ಬಸ್ಸು ತಡವಾಗಿದೆ ಎಂದು ಹೇಳುವಷ್ಟು ಸಹಜವಾಗಿ ಉತ್ತರ ಕೊಟ್ಟರು.

ಮನೆತನದ ಕೊನೆಯ ಒಡತಿ ಅಲಿಕ್ಸ್ 1426ರಲ್ಲಿ ತೀರಿಕೊಂಡಳು. ಪ್ರಾಣ ಹೋಗುವ ಹೊತ್ತಿಗೆ ಆಕಾಶದಿಂದ ನಕ್ಷತ್ರವೊಂದು ಇಳಿದು ಅವಳ ಕೋಣೆಯೊಳಗೆ ಬಂದು, ಉಸಿರು ನಿಂತ ಕೂಡಲೇ ಆರಿಹೋಯಿತೆಂದು ಹೇಳುತ್ತಾರೆ. ದಾರಿ ತೋರಿಸಿದ ಚುಕ್ಕಿಯೇ ಕರೆದುಕೊಂಡು ಹೋಗಲೂ ಬರಬೇಕೆಂದು ಜನ ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಲ್ತಜಾರನ ಕಥೆಯನ್ನು ಕಟ್ಟಿದ್ದು ಒಡೆಯರು. ಈ ಕಥೆಯನ್ನು ಕಟ್ಟಿದ್ದು ಬೇರೆ ಯಾರೋ ಎಂದು ನನಗೆ ಅನಿಸುತ್ತದೆ. ಇದರಲ್ಲಿ ಯಾರ ಹಕ್ಕಿನ ಮಾತೂ ಇಲ್ಲ.

ಒಡೆಯರು ಹೋದರೂ ನಕ್ಷತ್ರ ಊರಿನದಾಗಿ ಉಳಿಯಿತು. ಕೋಟೆಯನ್ನು 1630ರ ದಶಕದಲ್ಲಿ ರಾಜ ಹದಿಮೂರನೆಯ ಲೂಯಿಯ ಆಳ್ವಿಕೆಯಲ್ಲಿ, ರಿಶಲ್ಯೂ ಮಂತ್ರಿಯಾಗಿದ್ದಾಗ ಕೆಡವಲಾಯಿತು. 1642ರಲ್ಲಿ ಜಹಗೀರು ಮೊನಾಕೊದ ಗ್ರಿಮಾಲ್ಡಿಗಳಿಗೆ ಹೋಯಿತು. ಲೆ ಬೋದ ಮಾರ್ಕ್ವಿಸ್ ಎಂಬ ಬಿರುದು ಇವತ್ತಿಗೂ ಆ ರಾಜಮನೆತನದಲ್ಲಿದೆ. ಅವರ ಗುರಾಣಿಯೂ ಕೆಂಪು ಮತ್ತು ಬೆಳ್ಳಿಯದೇ, ಆದರೆ ಅದರಲ್ಲಿರುವುದು ಉದ್ದನೆಯ ವಜ್ರಾಕೃತಿಗಳ ಹೆಣಿಗೆ. ಕ್ರಾಂತಿಯ ಸರ್ಕಾರ 1790ರ ಜೂನ್ 19ರಂದು ಕುಲೀನರ ಬಿರುದುಗಳ ಜೊತೆಗೆ ಲಾಂಛನಗಳನ್ನೂ ರದ್ದುಮಾಡಿತು. ಈಗ ಅವು ಮತ್ತೆ ಬಂದಿವೆ. ಯಾವ ಲಾಂಛನ ಇಟ್ಟುಕೊಳ್ಳಬೇಕೆಂಬುದು ಆಯಾ ಊರಿನ ಪುರಸಭೆಗೆ ಬಿಟ್ಟದ್ದು. ಪ್ರಾಂತಕ್ಕಾಗಿ ಬಡಿದಾಡಿದವರ ಚಿಹ್ನೆ ಇಂದು ಊರಿನ ಸೂಚನಾಫಲಕದ ಮೇಲೆ ಕುಳಿತು ವಾಹನ ನಿಲ್ಲಿಸುವ ಜಾಗ ತೋರಿಸುತ್ತಿದೆ.

ನಾಲ್ಕನೆಯ ದಿನ, ಡಿಸೆಂಬರ್ 25

ಎಲ್ಲ ಮುಚ್ಚಿರುತ್ತದೆಂದು ಗೊತ್ತಿದ್ದೂ ಒರಾಂಜ್ ಪಟ್ಟಣಕ್ಕೆ ಹೋದೆವು. ರೋಮನ್ ರಂಗಮಂದಿರದ ಬೃಹತ್ ಗೋಡೆಯನ್ನು ಹೊರಗಿನಿಂದ ನೋಡಿ, ಬಯಲಿನಲ್ಲೇ ಇರುವ ರೋಮನ್ ಕಮಾನಿನ ಸುತ್ತ ತಿರುಗಿ, ಬಾಗಿಲು ತೆರೆದಿದ್ದ ಒಂದೇ ಕಾಫಿ ಅಂಗಡಿಯಲ್ಲಿ ಕುಳಿತೆವು. ನಾವು ಬಂದದ್ದು ಕಹಳೆಯ ಸಲುವಾಗಿ.

ಲೆ ಬೋ ಮನೆತನದ ಬೆರ್ತ್ರಾಂ ಎಂಬವನು ಒರಾಂಜಿನ ತಿಬೂರ್ಜಳನ್ನು ಮದುವೆಯಾಗಿ, 12ನೇ ಶತಮಾನದ ಕೊನೆಯ ಹೊತ್ತಿಗೆ ಈ ಸೀಮೆ ಅವರ ಕೈಗೆ ಬಂತು. ಒರಾಂಜಿನ ಗುರಾಣಿ ಚಿನ್ನದ ನೆಲದ ಮೇಲೆ ನೀಲಿ ಕಹಳೆ. ಷಾರ್ಲ್‌ಮಾನ್ ಚಕ್ರವರ್ತಿಯ ಕಾಲದ ವೀರ ಗಿಯೋಮನಿಗೆ ‘ಕೂರ್ ನೇ’, ಅಂದರೆ ಗಿಡ್ಡ ಮೂಗಿನವನು, ಎಂಬ ಅಡ್ಡಹೆಸರಿತ್ತು. ಅದು ಬಾಯಿಂದ ಬಾಯಿಗೆ ‘ಕೋರ್ನೆ’, ಅಂದರೆ ಕಹಳೆ, ಎಂದಾಗಿ ಗುರಾಣಿಯನ್ನು ಏರಿತು. ಮೂಗು ಕಹಳೆಯಾದ ಈ ಕಥೆಯ ಮುಂದೆ ನನಗೆ ಬಾಲ್ತಜಾರನ ಹಕ್ಕು ಅಷ್ಟೇನೂ ವಿಪರೀತವೆನಿಸಲಿಲ್ಲ. ಒರಾಂಜಿನ ಲೆ ಬೋ ಶಾಖೆಯವರು ಗುರಾಣಿಯನ್ನು ನಾಲ್ಕು ಪಾಲು ಮಾಡಿ, ಎರಡರಲ್ಲಿ ನಕ್ಷತ್ರ, ಎರಡರಲ್ಲಿ ಕಹಳೆ ಇಟ್ಟರು. ಮುಂದೆ ಮದುವೆ ಮತ್ತು ಉಯಿಲುಗಳ ದಾರಿಯಲ್ಲಿ ಒರಾಂಜ್ ಎಂಬ ಬಿರುದು ನಸ್ಸೌ ಮನೆತನಕ್ಕೆ ಹೋಗಿ, ನೆದರ್ಲೆಂಡ್ಸ್ ತಲುಪಿತು. ಕಹಳೆಯೂ ಜೊತೆಗೆ ಹೋಯಿತು. ಡಚ್ ದೊರೆಯ ಧ್ವಜದಲ್ಲಿ ಅದು ಇಂದಿಗೂ ಇದೆ. ನಕ್ಷತ್ರಕ್ಕೆ ಆ ಭಾಗ್ಯ ಬರಲಿಲ್ಲ. ಮನೆತನದ ಇನ್ನೊಂದು ಶಾಖೆ ಅದನ್ನು ಇಟಲಿಯ ನೇಪಲ್ಸ್ ರಾಜ್ಯಕ್ಕೆ ಒಯ್ದು, ಅಲ್ಲಿ ದೆಲ್ ಬಾಲ್ತ್ಸೋ ಎಂಬ ಹೆಸರಿನಿಂದ ಬಾಳಿತು. ನೇಪಲ್ಸಿನ ದೊರೆ ಫ್ರೆಡರಿಕನ ರಾಣಿ ಇಸಬೆಲ್ಲಾ ಆ ಮನೆಯ ಹೆಣ್ಣು.

ಐದನೆಯ ದಿನ, ಡಿಸೆಂಬರ್ 26

ಮುಸ್ತಿಯೇ ಸಾಂತ್ ಮಾರಿ ಎಂಬ ಊರು ಪೂರ್ವದಲ್ಲಿ, ವೆರ್ದೋಂ ನದಿಯ ಕಮರಿಯ ಬಾಯಿಯಲ್ಲಿದೆ. ಊರಿನ ಹಿಂದೆ ಎರಡು ಕಡಿದಾದ ಬಂಡೆಗಳು. ಒಂದರಿಂದ ಇನ್ನೊಂದಕ್ಕೆ ಕಬ್ಬಿಣದ ಸರಪಳಿ. ಸರಪಳಿಯ ನಡುವೆ ಚಿನ್ನದ ಬಣ್ಣದ ನಕ್ಷತ್ರ ತೂಗುತ್ತದೆ. ಕ್ರುಸೇಡಿನಲ್ಲಿ ಸೆರೆಸಿಕ್ಕ ಬ್ಲಾಕಾಸ್ ಮನೆತನದ ಸರದಾರನೊಬ್ಬ, ಊರಿಗೆ ಜೀವಂತ ಮರಳಿದರೆ ಮಾತೆ ಮರಿಯಳಿಗೆ ನಕ್ಷತ್ರ ಕಟ್ಟಿಸುತ್ತೇನೆಂದು ಹರಕೆ ಹೊತ್ತು, ಬಂದು ತೀರಿಸಿದನೆಂಬುದು ಐತಿಹ್ಯ. ಈ ಬ್ಲಾಕಾಸರ ಗುರಾಣಿ ಹೇಗಿದೆಯೆಂದರೆ, ಬೆಳ್ಳಿಯ ನೆಲ, ಅದರ ಮೇಲೆ ಹದಿನಾರು ಕಿರಣಗಳ ಕೆಂಪು ನಕ್ಷತ್ರ. ಲೆ ಬೋದ ಗುರಾಣಿಯನ್ನೇ ಬಣ್ಣ ತಿರುಗಿಸಿ ಬರೆದಂತೆ. ಬ್ಲಾಕಾಸರೂ ಲೆ ಬೋದವರೂ ಒಂದೇ ಬೇರಿನವರೆಂಬ ಮಾತು ಪ್ರೋವಾಂಸಿನಲ್ಲಿದೆ. ಎರಡು ಗುರಾಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರೇ ಅದನ್ನು ಮೊದಲು ಆಡಿರಬೇಕು.

ಮೇಲಿನ ಪ್ರಾರ್ಥನಾ ಮಂದಿರಕ್ಕೆ ಮೆಟ್ಟಿಲು ಹತ್ತುವಾಗ ದಾರಿಯುದ್ದಕ್ಕೂ ತಲೆಯೆತ್ತಿ ನೋಡಿದೆ. ಗಾಳಿ ಇಲ್ಲದಿದ್ದರೂ ನಕ್ಷತ್ರ ಸಣ್ಣಗೆ ತಿರುಗುತ್ತಿತ್ತು. ಬಿಸಿಲಿಗೆ ಒಮ್ಮೆ ಹೊಳೆದು, ಒಮ್ಮೆ ಬರಿಯ ಗೀಟಾಗುತ್ತಿತ್ತು. “ಅಣ್ಣಾ, ಮತ್ತ ಎಣಸಾಕ ಹತ್ತೀಯೇನು?” ಎಂದು ಅವನು ಕೆಳಗಿನ ಮೆಟ್ಟಿಲಿನಿಂದ ಕೂಗಿದ. ಎಣಿಸಿಯಾಗಿತ್ತು. ಐದೇ ಮೂಲೆ. ಕಾಲಕಾಲಕ್ಕೆ ಬಿದ್ದು, ಬದಲಾಗಿ, ಮತ್ತೆ ಏರಿದ ನಕ್ಷತ್ರವಿದು. ಬ್ಲಾಕಾಸನ ಗುರಾಣಿಯ ಲೆಕ್ಕ ಅದಕ್ಕೆ ತಾಗಿದಂತಿಲ್ಲ.

ಊರಿಗೆ ಮರಳಿದ ಮೇಲೆ, ಜನವರಿ 6ರ ಸಂಜೆ ಅವನು ವಾಟ್ಸ್‌ಆ್ಯಪಿನಲ್ಲಿ ಒಂದು ಚಿತ್ರ ಕಳುಹಿಸಿದ. ಮಗಳು ಪುಸ್ತಕದ ಕಪಾಟಿನ ಮೇಲೆ ಗೋದಲಿ ಮಾಡಿ, ಮೂವರು ಜೋಯಿಸರನ್ನು ದಿನಕ್ಕೆ ಒಂದು ಗೇಣಿನಂತೆ ಮುಂದೆ ಸರಿಸುತ್ತ ಬಂದಿದ್ದಳಂತೆ. ಅಂದು ಅವರು ತಲುಪಿದ್ದರು. ಬಾಲ್ತಜಾರ್ ಭರಣಿ ಹಿಡಿದು ಮಗುವಿನ ಕಾಲ ಬಳಿ ನಿಂತಿದ್ದ. ಅವನ ತಲೆಯ ಮೇಲೆ, ಹಿಂದಿನ ಉಕ್ಕಿನ ಕಪಾಟಿಗೆ ಅಂಟಿಸಿದ್ದ ಬಿಲ್ಲೆಯಲ್ಲಿ, ನಾನು ಸಿಟ್ಟಿನಿಂದ ಅವರ ಮನೆಯಲ್ಲೇ ಬಿಟ್ಟುಬಂದಿದ್ದ ಹದಿನಾಲ್ಕು ಕಿರಣಗಳ ನಕ್ಷತ್ರವಿತ್ತು.